ನೂರೆಂಬತ್ತು ರೂಪಾಯಿ

ಸಿದ್ದಾಪುರದ ಮೊಯ್ದುವಿನ ಗ್ಯಾರೇಜಿನಲ್ಲೊಂದು
ಬಿಸ್ಕತ್ತಿನ ತಗಡು ಡಬ್ಬಿ.
ಅದರ ತುಂಬ ಮುರಿದ ಲಿವರುಗಳು, ಕ್ಲಚ್ಚಿನವು, ಬ್ರೇಕಿನವು.
"ಇವೆಲ್ಲ ಊರಿನ ಹಾಲುಹಲ್ಲು" ಅನ್ನುತ್ತಾನೆ,
"ಉದುರದೆ ಯಾರಿಗೆ ಬಂದಿದೆ ಗಟ್ಟಿ ಹಲ್ಲು?"

ನಾನು ಹೋಗಿದ್ದು ಬೇರೆ ಕೆಲಸಕ್ಕೆ.
ಸೀಟನ್ನು ಎರಡಿಂಚು ತಗ್ಗಿಸಿ ಕೊಡಿ,
ನೆಲಕ್ಕೆ ಬರೀ ಹೆಬ್ಬೆರಳು ತಾಗುತ್ತದೆ,
ಲಸಿಕೆ ಪೆಟ್ಟಿಗೆ ಕಟ್ಟಿಕೊಂಡು ಮಾಲ್ದಾರೆಯವರೆಗೆ ಹೋಗಬೇಕು,
ಎಲ್ಲಾದರೂ ಬೀಳಿಸಿಬಿಡುತ್ತೇನೆ, ಅಂದೆ.
ಅವನು ನನ್ನ ಕಾಲು ನೋಡಲಿಲ್ಲ, ಸೀಟೂ ನೋಡಲಿಲ್ಲ.
"ಇನ್ನೂ ಬೀಳಿಸಿಲ್ಲವಾ? ಅದೇ ಕಾಯಿಲೆ.
ಭಾನುವಾರ ಕಣಕ್ಕೆ ಬನ್ನಿ."

ಮಾರ್ಚಿನ ಕಣ. ಕಾಫಿ ಕ್ಯೂರಿಂಗಿಗೆ ಹೋಗಿಯಾಗಿದೆ,
ಸಿಮೆಂಟಿನ ಬಿರುಕಿನಲ್ಲಿ ನಾಲ್ಕಾರು ಒಣ ಸಿಪ್ಪೆ,
ಮೂಲೆಯಲ್ಲಿ ಖಾಲಿ ಗೋಣಿಚೀಲ.
ನಾವು ಮೂವರು: ನಾನು, ಕಾಲೇಜಿನ ರುಕ್ಸಾನ,
ತೋಟದ ರೈಟರು ಪೂಣಚ್ಚ,
ಹಬ್ಬದ ಪೀಚೆಕತ್ತಿಯಂತೆ ಒರೆಸಿಟ್ಟ ಬುಲೆಟ್ಟಿನೊಂದಿಗೆ.

"ಮೊದಲು," ಅಂದ ಮೊಯ್ದು, "ಬೀಳಿಸಿ."

ನಕ್ಕೆವು. ಅವನು ನಗಲಿಲ್ಲ.
"ಎಂಜಿನ್ ಆಫ್. ಮೆಲ್ಲಗೆ ವಾಲಿಸಿ ಕೈ ಬಿಡಿ.
ಒಂದು ಹಂತ ದಾಟಿದ ಮೇಲೆ ಬೀಳುವುದು ಅದರ ಹಕ್ಕು.
ಹಿಡಿಯಲು ಹೋದವರದ್ದೇ ಬೆನ್ನು ಹೋಗುವುದು."

ಕೈ ಬಿಡುವುದು ಎಂಥ ಕಷ್ಟ!
ನೂರನಲವತ್ತು ಕೆಜಿ ಕಬ್ಬಿಣ ವಾಲುತ್ತಿರುವಾಗ
ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ,
ಹೆರಿಗೆ ನೋವಿನಲ್ಲಿ ನನ್ನ ಮಣಿಕಟ್ಟು ಹಿಡಿದ
ಹೆಂಗಸರ ಬೆರಳಿನ ಹಾಗೆ.
ಬಿಟ್ಟೆ.
ಧಪ್.
ಹಲಸಿನ ಮರದ ಮಂಗವೊಂದು ತಿರುಗಿ ನೋಡಿ
ಮತ್ತೆ ತನ್ನ ಹೇನಿಗೆ ಮರಳಿತು.

ಪೂಣಚ್ಚ ತಮ್ಮ ಗಾಡಿಗೆ ಮೂರು ಸುತ್ತು ಬಂದರು.
ಆಮೇಲೆ ಗೋಣಿಚೀಲ ಹಾಸಿದರು, ಒಂದರ ಮೇಲೊಂದು, ಆರು.
"ದಾರೀಲೂ ಹಾಸಿರ್ತಾರಾ ರೈಟ್ರೇ?"
ಒಂದೊಂದೇ ತೆಗೆದರು.
ಕೊನೆಯದನ್ನು ತೆಗೆಯಲಿಲ್ಲ. ಮೊಯ್ದುವೂ ಸುಮ್ಮನಾದ.

ಎತ್ತುವುದು ಬೇರೆ ವಿದ್ಯೆ.
ಹ್ಯಾಂಡಲ್ ಪೂರ್ತಿ ತಿರುಗಿಸಿ, ಗೇರಿನಲ್ಲಿಟ್ಟು,
ಗಾಡಿಗೆ ಬೆನ್ನು ಹಾಕಿ ಸೀಟಿಗೆ ಸೊಂಟ ಕೊಟ್ಟು
ಹಿಂದೆ ಹಿಂದೆ ಪುಟ್ಟ ಹೆಜ್ಜೆ.
ತೋಳಲ್ಲ, ತೊಡೆ.
ನಲವತ್ತೆಂಟು ಕೆಜಿಯ ರುಕ್ಸಾನ ಎತ್ತಿದಳು,
ಬೀಳಿಸಿದಳು, ಎತ್ತಿದಳು, ಹೊಸ ಆಟ ಸಿಕ್ಕ ಹಾಗೆ ಎಂಟು ಸಲ.
ಒಂಬತ್ತನೆಯದಕ್ಕೆ ಮೊಯ್ದುವೇ
"ಪೆಟ್ರೋಲ್ ಸೋರುತ್ತೆ ಮಗಳೇ" ಅಂದ.

ಮನೆಗೆ ಬರುವಾಗ ವ್ಯಾಕರಣ ಹೊಳೆಯಿತು:
ಬಿದ್ದೆ, ಬಿತ್ತು, ಬೀಳಿಸಿದೆ.
ಒಂದೂವರೆ ವರ್ಷ ಮೂರನ್ನೂ ಒಂದೇ ಎಂದುಕೊಂಡು
ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ
ಬಸ್ಸಿಗೆ ಕಾದು ಕಾದು ಐಸು ಕರಗಿಸಿದ್ದೆ.

ಏಪ್ರಿಲ್. ಹಾಡಿಯ ತಿರುವು. ಜಲ್ಲಿ,
ಅದರ ಮೇಲೆ ಆನೆಯ ಹಸಿ ಲದ್ದಿ.
ವೇಗವೇನೂ ಇರಲಿಲ್ಲ. ಕಾಲೂರಿದಲ್ಲಿ ನೆಲವಿರಲಿಲ್ಲ.
ಕೈ ಬಿಟ್ಟೆ, ಪಕ್ಕಕ್ಕೆ ಸರಿದು ನಿಂತೆ,
ಬಸ್ಸಿನಿಂದ ಇಳಿಯುವವರಿಗೆ ದಾರಿ ಕೊಟ್ಟ ಹಾಗೆ.
ಗಂಡಸರಿಬ್ಬರು ಓಡಿ ಬಂದರು. ಇರಿ, ಅಂದೆ.
ಆನೆ ದೂರವಿದೆಯಾ ಎಂದು ಕೇಳಿದೆ. ಇದೆ, ಅಂದರು,
ಎಷ್ಟು ದೂರವೆಂದು ಹೇಳಲಿಲ್ಲ.
ಬೆನ್ನು ಕೊಟ್ಟು ಕೂತೆ. ಮಕ್ಕಳು ಹೆಜ್ಜೆ ಎಣಿಸಿದರು.
ಐದಕ್ಕೆ ಜಾರಿ, ಮತ್ತೆ ಒಂದರಿಂದ.
ಹನ್ನೊಂದಕ್ಕೆ ಗಾಡಿ ನಿಂತಿತು.
ಮೊಣಕಾಲು ಇನ್ನೂ ನಡುಗುತ್ತಿದ್ದವು.
ನಡುಗಲಿ, ಅವಕ್ಕೆ ಯಾರೂ ಪಾಠ ಹೇಳಿಲ್ಲ.
ಪೆಟ್ಟಿಗೆ ತೆರೆದೆ: ಐಸು ಗಟ್ಟಿ.
ಎಣಿಸಿದ ಮಕ್ಕಳೇ ಮೊದಲು ಚುಚ್ಚಿಸಿಕೊಂಡು
ಮೊದಲು ಅತ್ತರು.

ಸಂಜೆ ಮೊಯ್ದುವಿನ ಡಬ್ಬಿಗೆ ಅರ್ಧ ಲಿವರು ಹಾಕಿದೆ. ಠಣ್.
ಹೇಗಾಯಿತೆಂದು ಕೇಳಲಿಲ್ಲ.
"ನೂರೆಂಬತ್ತು" ಅಂದ.
ಇಷ್ಟು ದಿನ ಆ ಹೆದರಿಕೆಯ ಬೆಲೆಯನ್ನೇ ನಾನು ಕೇಳಿರಲಿಲ್ಲ.
ಇನ್ನೂರು ಕೊಟ್ಟೆ.
ಚಿಲ್ಲರೆ ಇಲ್ಲವಂತೆ.
"ಇಪ್ಪತ್ತು ಮುಂದಿನ ಸಲಕ್ಕೆ ಇರಲಿ."